ತಾತನ ಫೋರ್ಡ್ ಕಾರನ್ನು ಹಾಟ್ ರಾಡ್ ಮಾಡಬಹುದಾ? ಕಟರ್ ಹಿಡಿಯುವ ಮುಂಚೆ ನೋಡಬೇಕಾದ್ದು

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತಾತನ ಕಾಫಿ ತೋಟದಲ್ಲಿದ್ದ 1930ರ ಫೋರ್ಡ್ ಮಾಡೆಲ್ ಎ ಕಾರು ಈಗ ನನ್ನ ಪಾಲಿಗೆ ಬಂದಿದೆ. ಕ್ಯಾನ್ವಾಸ್ ಟಾಪಿನ ಟೂರರ್. ಬಹಳ ವರ್ಷ ಗೊಬ್ಬರದ ಶೆಡ್ಡಿನಲ್ಲಿ ನಿಂತಿತ್ತು. ಎಂಜಿನ್ ಜಾಮ್ ಆಗಿದೆ. ಹಿಂದಿನ ಸೀಟಿನ ಸುತ್ತಲಿನ ಬಾಡಿ ತುಕ್ಕು ಹಿಡಿದು ಉದುರುತ್ತಿದೆ. ಮುಂಭಾಗ ಮತ್ತು ಚಾಸಿಸ್ ಗಟ್ಟಿಯಾಗಿ ಕಾಣುತ್ತವೆ. ಆರ್‌ಸಿ ಸಿಕ್ಕಿದೆ, ತಾತನ ಹೆಸರಲ್ಲೇ ಇದೆ. ವಿಜಯನಗರದ ನಮ್ಮ 30-40 ಸೈಟಿನ ಮನೆಯ ಪೋರ್ಟಿಕೋದಲ್ಲಿಟ್ಟು ನಾನೇ ಹಳೇ ಶೈಲಿಯ ಹಾಟ್ ರಾಡ್ (ಹಳೇ ಕಾರನ್ನು ಹಗುರ ಮಾಡಿ, ಎಂಜಿನ್ನಿನ ಬಲ ಹೆಚ್ಚಿಸಿ ವೇಗಕ್ಕೆ ಸಿದ್ಧ ಮಾಡಿದ ಗಾಡಿ) ಕಟ್ಟಬೇಕು ಅಂತ ಆಸೆ. ಮಡ್‌ಗಾರ್ಡ್ ಬಿಚ್ಚಿ, ಟಾಪ್ ತಗ್ಗಿಸಿ, ಮುಂದಿನ ಆಕ್ಸಲ್ ಇಳಿಸಿ, ಸಾಧ್ಯವಾದರೆ ವಿ8 (ಎಂಟು ಸಿಲಿಂಡರಿನ ಎಂಜಿನ್), ಇಲ್ಲದಿದ್ದರೆ ಅಂಬಾಸಿಡರ್ ಎಂಜಿನ್ ಕೂರಿಸುವ ಯೋಚನೆ. ಇಷ್ಟು ಹಳೇ ಗಾಡಿಗೆ ಆರ್‌ಟಿಓದವರು ಏನೂ ಕೇಳಲ್ಲ ಅಂತ ಸ್ನೇಹಿತರು ಹೇಳುತ್ತಾರೆ. ಒಂದು ಗ್ಯಾರೇಜಿನವರು ಮೂರು ಲಕ್ಷಕ್ಕೆ ಎಲ್ಲ ಮುಗಿಸಿಕೊಡುತ್ತೇವೆ ಅಂದರು. ದೊಡ್ಡಪ್ಪ ಮಾತ್ರ ತಾತನ ಕಾರಿಗೆ ಕಟರ್ ಹಾಕಿದರೆ ಮನೆಗೆ ಬರಲ್ಲ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಕಾನೂನು ಎಲ್ಲಿಯವರೆಗೆ ಬಿಡುತ್ತದೆ, ಆ ಕಾರು ಎಷ್ಟನ್ನು ತಡೆದುಕೊಳ್ಳುತ್ತದೆ, ಮತ್ತೆ ನಿಮ್ಮ ದೊಡ್ಡಪ್ಪನ ಮಾತಿನಲ್ಲಿ ಹುರುಳಿದೆಯಾ ಅನ್ನೋದು. ಹಳೇ ಕಾರುಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಆ ಅನುಭವದಿಂದ ನೇರವಾಗಿ ಹೇಳುತ್ತೇನೆ. ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ನೀವು ಬರೆದಿರುವ ಕೆಲಸದ ಕ್ರಮದಲ್ಲಿ. ಕತ್ತರಿಸುವುದು ನಿಮ್ಮ ಪಟ್ಟಿಯಲ್ಲಿ ಮೊದಲು ಬಂದಿದೆ. ಅದು ಕೊನೆಗೆ ಬರಬೇಕು, ಬಾರದೆ ಹೋದರೆ ಇನ್ನೂ ಒಳ್ಳೆಯದು.

ಈ ಹಾಟ್ ರಾಡ್ ಎಲ್ಲಿಂದ ಬಂತು ಅನ್ನುವುದನ್ನು ಮೊದಲು ನೋಡೋಣ, ಯಾಕೆಂದರೆ ಉತ್ತರದ ಅರ್ಧ ಅಲ್ಲೇ ಇದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, 1930ರ ದಶಕದಲ್ಲಿ, ಕೈಯಲ್ಲಿ ಕಾಸಿಲ್ಲದ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ಕೊಂಡು ಮ್ಯೂರಾಕ್, ಎಲ್ ಮಿರಾಜ್‌ನಂತಹ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಅನ್ನುವ ಸಂಘ ಕಟ್ಟಿ ವೇಗ ಅಳೆಯುವುದಕ್ಕೆ ಒಂದು ಶಿಸ್ತು ತಂದರು. ತೂಕ ಕಡಿಮೆ ಆಗಲಿ ಅಂತ ಮಡ್‌ಗಾರ್ಡ್, ಬಂಪರ್, ಟಾಪ್ ಬಿಚ್ಚಿಡುತ್ತಿದ್ದರು. ಎಂಜಿನ್ನಿಗೆ ಜಾಸ್ತಿ ಕಂಪ್ರೆಷನ್ನಿನ ಹೆಡ್ (ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಹೆಚ್ಚು ಒತ್ತಿಕೊಳ್ಳುವಂತೆ ಮಾಡಿದ ಸಿಲಿಂಡರ್ ಮುಚ್ಚಳ), ಎರಡು ಕಾರ್ಬುರೇಟರ್ ಹಾಕುತ್ತಿದ್ದರು. ಯುದ್ಧ ಮುಗಿದ ಮೇಲೆ, ಸೇನೆಯಲ್ಲಿ ವೆಲ್ಡಿಂಗ್, ಲೇತ್ ಕೆಲಸ ಕಲಿತು ಬಂದವರು ಈ ಹವ್ಯಾಸವನ್ನು ಇನ್ನೂ ಬೆಳೆಸಿದರು.

ಅವರಿಗೆ ಇದೆಲ್ಲ ಸುಲಭ ಆಗಿದ್ದಕ್ಕೆ ಎರಡು ಕಾರಣ. ಒಂದು, ಮಾಡೆಲ್ ಟಿ ಕಾರು 1.5 ಕೋಟಿಗೂ ಜಾಸ್ತಿ, ಮಾಡೆಲ್ ಎ 48 ಲಕ್ಷದಷ್ಟು ತಯಾರಾಗಿದ್ದವು. ಒಂದು ಹಾಳಾದರೆ ಇನ್ನೊಂದು ಗುಜರಿಯಲ್ಲಿ ಸಿಗುತ್ತಿತ್ತು. ಎರಡು, ಆ ಕಾರುಗಳ ಚಾಸಿಸ್ ಬೇರೆ, ಬಾಡಿ ಬೇರೆ. ಮಡ್‌ಗಾರ್ಡುಗಳು ಬೋಲ್ಟ್ ಮೇಲೆ ನಿಂತಿರುತ್ತವೆ, ಗಾಜು ಚಪ್ಪಟೆ. ಬಿಚ್ಚಿದರೂ ಗಾಡಿ ಗಾಡಿಯಾಗೇ ಉಳಿಯುತ್ತದೆ. ಇದನ್ನು ನೋಡಿ ಅಂಬಾಸಿಡರ್‌ಗೋ ಪದ್ಮಿನಿಗೋ ಕಟರ್ ಹಾಕಿದವರ ಕಥೆ ಬೇರೆ. ಅವುಗಳಲ್ಲಿ ಬಾಡಿಯೇ ಚಾಸಿಸ್. ಛಾವಣಿ ಕತ್ತರಿಸಿದರೆ ಇಡೀ ಗಾಡಿಯ ಬಲವೇ ಹೋಗುತ್ತದೆ. ನಿಮ್ಮ ಅದೃಷ್ಟಕ್ಕೆ ಕೈಯಲ್ಲಿರುವುದು ಸರಿಯಾದ ಕಾರು. ಆದರೆ ಅಲ್ಲಿ 48 ಲಕ್ಷದಲ್ಲಿ ಒಂದಾಗಿದ್ದದ್ದು ಇಲ್ಲಿ ಅಪರೂಪದ ವಸ್ತು. ದೊಡ್ಡಪ್ಪನ ಮಾತಿಗೆ ಇರುವ ತೂಕ ಇದೇ. ಅದು ಬರೀ ಭಾವುಕತೆ ಅಲ್ಲ.

ಈಗ ಆರ್‌ಟಿಓ ವಿಷಯ. ಹಳೇ ಗಾಡಿಗೆ ಯಾರೂ ಕೇಳಲ್ಲ ಅನ್ನುವುದು ನಾನು ಅತಿ ಹೆಚ್ಚು ಕೇಳುವ ತಪ್ಪು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂದು 182ಎ ಸೆಕ್ಷನ್ ಸೇರಿತು. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ದಂಡ ಮಾಲೀಕರಿಗೆ ಅನ್ನುವುದನ್ನು ಗಮನಿಸಿ. ಮೂರು ಲಕ್ಷ ಕೇಳಿದ ಗ್ಯಾರೇಜಿನವರು ಆಗ ನಿಮ್ಮ ಪಕ್ಕದಲ್ಲಿ ನಿಂತಿರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ವಿಮೆಯದು. ಆರ್‌ಸಿಯಲ್ಲಿ ಇಲ್ಲದ ಎಂಜಿನ್, ಕತ್ತರಿಸಿದ ಬಾಡಿ ಇರುವ ಗಾಡಿ ಯಾರಿಗಾದರೂ ಗುದ್ದಿದರೆ ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಪರಿಹಾರದ ಹೊರೆ ನಿಮ್ಮ ಮೇಲೆ ಬೀಳಬಹುದು.

ಇನ್ನೊಂದು ಕಡೆ, ಕಾನೂನು ನಿಮಗೆ ಒಂದು ಒಳ್ಳೆಯ ದಾರಿಯನ್ನೂ ತೆರೆದಿದೆ. 2021ರ ಜುಲೈಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೇ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವ್ಯಾಪಾರಕ್ಕೆ ಬಳಸದ, ಮೂಲ ರೂಪದಲ್ಲೇ ಉಳಿಸಿಕೊಂಡ ಗಾಡಿಗಳಿಗೆ ಇದು ಅನ್ವಯಿಸುತ್ತದೆ. ಹೊಸದಾಗಿ ನೋಂದಾಯಿಸಿದರೆ ವಿಎ ಸರಣಿಯ ನಂಬರು ಸಿಗುತ್ತದೆ. ಈಗಾಗಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಅಂದರೆ ನಿಮ್ಮ ತಾತ ಓಡಿಸುತ್ತಿದ್ದ ಅದೇ ನಂಬರ್ ಪ್ಲೇಟು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಮರುನೋಂದಣಿಗೆ 5,000. ದಿನಾ ಆಫೀಸಿಗೆ ಹೋಗಲು ಬಳಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ ಇಂಥದ್ದಕ್ಕೆ ರಸ್ತೆಗೆ ತರಬಹುದು.

ಆದರೆ ಷರತ್ತು ಓದಿ. ಚಾಸಿಸ್, ಬಾಡಿ ಶೆಲ್, ಎಂಜಿನ್ ಇವುಗಳಲ್ಲಿ ಮಾರ್ಪಾಡು ಆಗಿರಬಾರದು. ಹಾಟ್ ರಾಡ್ ಅಂದರೆ ಈ ಮೂರರಲ್ಲೂ ಕೈ ಹಾಕುವುದೇ. ಹಾಗಾಗಿ ವಿಂಟೇಜ್ ನೋಂದಣಿ ಮತ್ತು ಹಾಟ್ ರಾಡ್ ಎರಡೂ ಒಂದೇ ಗಾಡಿಯಲ್ಲಿ ಸಿಗುವುದಿಲ್ಲ. ನಿಮ್ಮ ತೀರ್ಮಾನ ನಿಂತಿರುವುದು ಇದರ ಮೇಲೆ.

ಇನ್ನು ಯಂತ್ರದ ಮಾತಿಗೆ ಬರೋಣ. ಹಾಟ್ ರಾಡ್ ಅಂದರೆ ದೊಡ್ಡ ಎಂಜಿನ್ ಅಂತ ನೀವು ಅಂದುಕೊಂಡಿದ್ದೀರಿ. ನಿಮ್ಮ ಕಾರಿನ ಮೂಲ ಎಂಜಿನ್ 3.3 ಲೀಟರಿನದು, ನಾಲ್ಕು ಸಿಲಿಂಡರ್, 40 ಅಶ್ವಶಕ್ತಿ. ಫೋರ್ಡಿನ ಹೆಸರುವಾಸಿ ವಿ8 1932ರಲ್ಲಿ ಬಂದಾಗ ಇದ್ದದ್ದೂ 65 ಅಶ್ವಶಕ್ತಿಯೇ. ಎರಡನೇ ಮಹಾಯುದ್ಧ ಕಾಲದ ಕೆನಡಾ ಫೋರ್ಡ್ ಮಿಲಿಟರಿ ಲಾರಿಗಳಲ್ಲಿ ಇದೇ ಜಾತಿಯ ವಿ8 ಇತ್ತು. ಹುಡುಕಿದರೆ ಎಲ್ಲೋ ಒಂದು ಬ್ಲಾಕು ಸಿಗಬಹುದು. ಆದರೆ ಅದರ ಎಕ್ಸಾಸ್ಟ್ ದಾರಿ ಬ್ಲಾಕಿನ ಒಳಗೇ, ನೀರಿನ ಜಾಕೆಟ್ ಮಧ್ಯೆ ಹಾದುಹೋಗುತ್ತದೆ. ಅದಕ್ಕೇ ಆ ಎಂಜಿನ್ ಬಿಸಿಯಾಗುವುದಕ್ಕೆ ಹೆಸರಾಗಿದ್ದು. ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಅಂಬಾಸಿಡರ್ ಎಂಜಿನ್ ಕೂರಿಸುವ ಯೋಚನೆಯಲ್ಲಿ ಇನ್ನೂ ಗಂಭೀರ ತೊಂದರೆ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿನ ಗ್ಯಾರೇಜುಗಳಲ್ಲಿ ಬಹಳ ಜನ ಎಡವುವುದು ಇಲ್ಲೇ. ನಿಮ್ಮ ಕಾರಿನ ಕೆಳಗೆ ಮಲಗಿ ನೋಡಿ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟು ಕಣ್ಣಿಗೆ ಕಾಣುವುದಿಲ್ಲ. ದಪ್ಪ ಕೊಳವೆಯೊಂದರ ಒಳಗೆ ಅಡಗಿರುತ್ತದೆ. ಅದಕ್ಕೆ ಟಾರ್ಕ್ ಟ್ಯೂಬ್ ಅನ್ನುತ್ತೇವೆ. ಅದರ ಎರಡು ಪಕ್ಕದಲ್ಲಿ ಆಕ್ಸಲ್ಲಿನ ತುದಿಗಳಿಂದ ಬರುವ ಎರಡು ಸಣ್ಣ ರಾಡುಗಳು ಬಂದು ಸೇರಿರುತ್ತವೆ. ಹಿಂದೆ ಇರುವ ಪ್ಲೇಟ್ ಸ್ಪ್ರಿಂಗ್ ಒಂದೇ, ಅದೂ ಅಡ್ಡಡ್ಡ ಇದೆ. ಆ ಸ್ಪ್ರಿಂಗ್ ಬರೀ ಭಾರ ಹೊರುತ್ತದೆ. ಆಕ್ಸಲ್ ಹಿಂದೆ ಮುಂದೆ ಹೋಗದಂತೆ, ತಿರುಚಿಕೊಳ್ಳದಂತೆ ಹಿಡಿದಿರುವುದು ಆ ಕೊಳವೆ ಮತ್ತು ರಾಡುಗಳು.

ಅಂಬಾಸಿಡರ್‌ನಲ್ಲಿ ಶಾಫ್ಟು ಬಯಲಲ್ಲೇ ತಿರುಗುತ್ತದೆ. ಅಲ್ಲಿ ಆಕ್ಸಲನ್ನು ಹಿಡಿದಿರುವುದು ಎರಡು ಪಕ್ಕದಲ್ಲಿ ಉದ್ದಕ್ಕೆ ಇರುವ ಪ್ಲೇಟ್ ಸ್ಪ್ರಿಂಗುಗಳು. ಈಗ ಯಾರೋ ಅಂಬಾಸಿಡರ್ ಎಂಜಿನ್, ಗೇರ್‌ಬಾಕ್ಸ್ ಕೂರಿಸಿ, ಟಾರ್ಕ್ ಟ್ಯೂಬ್ ಕತ್ತರಿಸಿ, ಬಯಲು ಶಾಫ್ಟು ಜೋಡಿಸಿದರು ಅಂತಿಟ್ಟುಕೊಳ್ಳಿ. ಮೊದಲ ಸಲ ಕ್ಲಚ್ ಬಿಟ್ಟಾಗ ಆಕ್ಸಲ್ ತನ್ನ ಜಾಗದಲ್ಲೇ ತಿರುಚಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಇನ್ನೊಂದು ಕಡೆಗೆ. ಸ್ಪ್ರಿಂಗಿನ ತುದಿಯ ಕೊಂಡಿ (ಶ್ಯಾಕಲ್) ಆ ಹೊರೆಗೆ ಮಾಡಿದ್ದಲ್ಲ. ಸ್ವಲ್ಪ ದಿನ ಟಕ್ ಟಕ್ ಸದ್ದು ಬರುತ್ತದೆ, ಆಮೇಲೆ ಯಾವುದಾದರೂ ಹಂಪಿನ ಮೇಲೆ ಮುರಿಯುತ್ತದೆ. ಇದನ್ನು ಸರಿಯಾಗಿ ಮಾಡಲು ಆಗುವುದಿಲ್ಲ ಅಂತಲ್ಲ. ಹಿಂದಿನ ಆಕ್ಸಲ್ಲಿಗೆ ಅದನ್ನು ಜಾಗದಲ್ಲಿ ಹಿಡಿದಿಡುವ ಉದ್ದದ ರೇಡಿಯಸ್ ರಾಡ್ ಕೊಟ್ಟು, ಅವು ಚಾಸಿಸ್‌ಗೆ ಸೇರುವ ಜಾಗಕ್ಕೆ ಬಲ ಕೊಟ್ಟು, ಕೋನಗಳನ್ನು ಲೆಕ್ಕ ಹಾಕಿ ಮಾಡಬಹುದು. ಆದರೆ ಅದು ಚಾಸಿಸ್ ಬಲ್ಲ ಎಂಜಿನಿಯರ್ ಕೆಲಸ, ಪೋರ್ಟಿಕೋದ ಕೆಲಸ ಅಲ್ಲ.

ನಿಜವಾದ ಹಳೇ ಶೈಲಿ ಬೇಕೆಂದರೆ, ಮೂಲ ನಾಲ್ಕು ಸಿಲಿಂಡರ್ ಎಂಜಿನ್ನಲ್ಲೇ ಇರಿ. ವಿ8 ಅಗ್ಗವಾಗುವ ಮುಂಚೆ ಆ ಹುಡುಗರು ಓಡಿಸಿದ್ದು ಇದನ್ನೇ. ಮೂಲ ಕಂಪ್ರೆಷನ್ 4.22 ಮಾತ್ರ. 5.5ರ ಹೆಡ್, ಒಳ್ಳೆಯ ಕಾರ್ಬುರೇಟರ್ ಹಾಕಿದರೆ ಎಳೆತ ಚೆನ್ನಾಗಿ ಏರುತ್ತದೆ, ಎಲ್ಲವೂ ಬೋಲ್ಟ್ ಬಿಚ್ಚಿದರೆ ವಾಪಸ್ ಬರುತ್ತದೆ. ಆಸೆಗೆ ಮಿತಿ ಇರಲಿ. ಇದರ ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟು) ಮೂರೇ ಮೇನ್ ಬೇರಿಂಗ್, ಎದುರುತೂಕ ಇಲ್ಲ. ಬೇರಿಂಗ್ ಕೂಡ ಕಾಯಿಸಿ ಸುರಿದ ಬ್ಯಾಬಿಟ್ ಅನ್ನುವ ಮೆದು ಮಿಶ್ರಲೋಹದ್ದು. ವೇಗವಾಗಿ ತಿರುಗಿಸಿದರೆ ಮೊದಲು ಸೋಲುವುದು ಅದೇ. ಬ್ಯಾಬಿಟ್ ಸುರಿದು ಲೈನ್ ಬೋರಿಂಗ್ (ಬೇರಿಂಗ್ ತೂತುಗಳನ್ನೆಲ್ಲ ಒಂದೇ ನೇರಕ್ಕೆ ಕೊರೆಯುವುದು) ಮಾಡುವ ಕೈಗಳು ನಮ್ಮಲ್ಲಿ ಈಗ ಬಹಳ ಕಡಿಮೆ. ಎಂಜಿನ್ ಬಿಚ್ಚುವ ಮುಂಚೆ ಆ ಕೆಲಸ ಬಲ್ಲವರನ್ನು ಹುಡುಕಿಟ್ಟುಕೊಳ್ಳಿ. ಅವರು ಈ ಹಿಂದೆ ಮಾಡಿದ ಒಂದು ಎಂಜಿನ್ ಓಡುತ್ತಿರುವುದನ್ನು ನೋಡದೆ ಒಪ್ಪಿಸಬೇಡಿ.

ಜಾಮ್ ಆದ ಎಂಜಿನ್ನನ್ನು ಜೀಪಿಗೆ ಕಟ್ಟಿ ಎಳೆಯುವ ಕೆಲಸ ಮಾತ್ರ ಬೇಡ. ಇದು ಸೈಡ್ ವಾಲ್ವ್ ಎಂಜಿನ್, ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿ ಬ್ಲಾಕಿನೊಳಗೇ ಇರುತ್ತವೆ. ವಾಲ್ವುಗಳೂ ಅಂಟಿಕೊಂಡಿರುತ್ತವೆ. ಪ್ಲಗ್ ಬಿಚ್ಚಿ, ಸಿಲಿಂಡರುಗಳಿಗೆ ತೆಳು ಎಣ್ಣೆ ಹಾಕಿ, ವಾರಗಟ್ಟಲೆ ಬಿಡಿ. ಆಮೇಲೆ ಹೆಡ್ ತೆಗೆದು ನೋಡಿ.

ಪೆಟ್ರೋಲ್ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. ನಮ್ಮಲ್ಲಿ ಸೀಸದ ಪೆಟ್ರೋಲ್ 2000ದ ಫೆಬ್ರವರಿಗೆ ನಿಂತಿತು, ಹಾಗಾಗಿ ವಿಂಟೇಜ್ ಕಾರು ಓಡಿಸಿದರೆ ವಾಲ್ವ್ ಸೀಟು ಸವೆಯುತ್ತದೆ ಅಂತ ಹೆದರಿಸುತ್ತಾರೆ. ಅರವತ್ತರ ದಶಕದ ಜಾಸ್ತಿ ಕಂಪ್ರೆಷನ್ ಎಂಜಿನ್ನುಗಳನ್ನು ವೇಗವಾಗಿ ಓಡಿಸುವವರಿಗೆ ಆ ಚಿಂತೆ ಸರಿ. ನಿಮ್ಮ ಮಾಡೆಲ್ ಎಗೆ ಅದು ಅಷ್ಟು ದೊಡ್ಡ ವಿಷಯವಲ್ಲ. ನೀವು ಯೋಚಿಸಬೇಕಾದದ್ದು ಈಗ ಬಂಕುಗಳಲ್ಲಿ ಸಿಗುವ ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ. ಅದರಲ್ಲಿರುವ ಎಥೆನಾಲ್ ಹಳೇ ರಬ್ಬರ್ ಹೋಸುಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಒಳಗೆ ಕೂತ ಕೊಳೆಯನ್ನು ಕಿತ್ತು ಕಾರ್ಬುರೇಟರಿನ ಜೆಟ್‌ಗೆ (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ತರುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಎಥೆನಾಲ್ ತಡೆಯುವ ವೈಟಾನ್ ಹೋಸ್ ಹಾಕಿ. ಜೆಟ್ ಸ್ವಲ್ಪ ದೊಡ್ಡದು ಬೇಕಾಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೆಟ್ರೋಲ್ ಖಾಲಿ ಮಾಡಿ. ಈ ಕಾರಿನ ಟ್ಯಾಂಕು ಡ್ಯಾಶ್‌ಬೋರ್ಡಿನ ಜಾಗದಲ್ಲೇ, ಓಡಿಸುವವರ ಮೊಣಕಾಲಿನ ಮೇಲೇ ಇದೆ. ಅಲ್ಲಿ ಒಂದು ಹನಿ ಸೋರಿಕೆಯನ್ನೂ ನಾನು ಸಹಿಸುವುದಿಲ್ಲ.

ಈಗ ಬ್ರೇಕು. ನಿಮ್ಮ ಇಡೀ ಪತ್ರದಲ್ಲಿ ಬ್ರೇಕ್ ಅನ್ನುವ ಪದವೇ ಇಲ್ಲ. ನನಗೆ ಅತಿ ಹೆಚ್ಚು ಆತಂಕ ತಂದದ್ದು ಅದು. ಫೋರ್ಡ್ ಕಂಪನಿ ಹೈಡ್ರಾಲಿಕ್ ಬ್ರೇಕ್ (ದ್ರವದ ಒತ್ತಡದಿಂದ ಹಿಡಿಯುವ ಬ್ರೇಕ್) ಕೊಟ್ಟಿದ್ದು 1939ರಲ್ಲಿ. ನಿಮ್ಮದರಲ್ಲಿ ಪೆಡಲಿನಿಂದ ನಾಲ್ಕೂ ಚಕ್ರಕ್ಕೆ ಕಬ್ಬಿಣದ ರಾಡುಗಳು ಹೋಗುತ್ತವೆ. ಈ ರಾಡ್ ಬ್ರೇಕು ಪ್ರಯೋಜನಕ್ಕೆ ಬಾರದ್ದು ಅನ್ನುವ ಮಾತನ್ನು ನಂಬಬೇಡಿ. ಸರಿಯಾಗಿ ಹೊಂದಿಸಿದರೆ ಆ ಕಾರಿನ ಮೂಲ ವೇಗಕ್ಕೆ ಅದು ಸಾಕು. ಹಾಳಾಗುವುದು ಹೇಗೆ ಅಂದರೆ, ಪ್ರತಿ ರಾಡಿನ ತುದಿಯಲ್ಲೂ ಒಂದು ಪಿನ್ನು ಇರುತ್ತದೆ. ಅದನ್ನು ಹೊರಗೆ ತೆಗೆದು ಉಗುರಿನಿಂದ ಸವರಿ ನೋಡಿ. ಮಧ್ಯದಲ್ಲಿ ಒಂದು ಮೆಟ್ಟಿಲಿನ ಹಾಗೆ ಸವೆದಿರುತ್ತದೆ. ತೂತು ದುಂಡಗಿರುವುದಿಲ್ಲ, ಮೊಟ್ಟೆಯಾಕಾರ ಆಗಿರುತ್ತದೆ. ಒಂದು ಪಿನ್ನಿನಲ್ಲಿ ಕೂದಲೆಳೆ ಆಟ ಇದ್ದರೂ ಪೆಡಲಿನಿಂದ ಚಕ್ರದವರೆಗೆ ಎಲ್ಲ ಸೇರಿ, ಪೆಡಲಿನ ಅರ್ಧ ಓಟ ಅಲ್ಲೇ ಕರಗಿಹೋಗುತ್ತದೆ. ತೂತುಗಳನ್ನು ರೀಮ್ ಮಾಡಿಸಿ (ಮತ್ತೆ ದುಂಡಗೆ ಕೊರೆಸಿ) ಬುಷ್ ಹಾಕಿಸಿ, ಹೊಸ ಪಿನ್ನು ಮಾಡಿಸಿ. ಯಾವ ಲೇತ್ ಶಾಪಿನಲ್ಲೂ ಆಗುವ ಕೆಲಸ. ಮೂಲ ಡ್ರಮ್ಮುಗಳು ಒತ್ತಿ ಮಾಡಿದ ತಗಡಿನವು, ಬಿಸಿಯಾದರೆ ಹಿಗ್ಗುತ್ತವೆ. ಎರಕದ ಕಬ್ಬಿಣದ ಡ್ರಮ್ ಹಾಕಿದರೆ ಅದೊಂದೇ ಬದಲಾವಣೆಯಿಂದ ಪೆಡಲ್ ಕಾಲಿಗೆ ಬೇರೆಯದೇ ಅನ್ನಿಸುತ್ತದೆ. ಡ್ರಮ್ಮಿನ ಒಳಗೆ ಚಾಕ್‌ಪೀಸ್ ಬಳಿದು ತಿರುಗಿಸಿ. ಶೂ ಮೇಲೆ ಬಿಳಿ ಎಲ್ಲಿ ಬೀಳುತ್ತದೆ ಅನ್ನುವುದರಲ್ಲಿ, ಲೈನಿಂಗ್ ಎಷ್ಟು ಭಾಗ ಮುಟ್ಟುತ್ತಿದೆ ಅಂತ ಗೊತ್ತಾಗುತ್ತದೆ.

ವೇಗ ಹೆಚ್ಚಿಸುವ ಉದ್ದೇಶ ಇದ್ದರೆ ಮಾತ್ರ ಹೈಡ್ರಾಲಿಕ್ ಯೋಚಿಸಿ. ಆಗಲೂ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಇರಲಿ. ಹಳೇ ಒಂಟಿ ಸರ್ಕ್ಯೂಟಿನಲ್ಲಿ ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ.

ಚಾಸಿಸ್ ಗಟ್ಟಿಯಾಗಿ ಕಾಣುತ್ತದೆ ಅಂದಿದ್ದೀರಿ. ಗೊಬ್ಬರದ ಶೆಡ್ಡು ಅನ್ನುವ ಮಾತು ನನಗೆ ಇಷ್ಟವಾಗಲಿಲ್ಲ. ರಸಗೊಬ್ಬರದ ಉಪ್ಪು ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ, ಅದೂ ಎರಡು ತಗಡು ಸೇರುವ ಸಂದಿಯಲ್ಲಿ, ಕಣ್ಣಿಗೆ ಬೀಳದ ಕಡೆ. ಬಾಡಿ ಎತ್ತಿ ನೋಡದೆ ಏನೂ ಹೇಳಬೇಡಿ. ಚಾಸಿಸ್ಸಿನ ನಾಲ್ಕು ಮೂಲೆಯಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ, ಎರಡು ಕರ್ಣಗಳನ್ನು ಅಳೆಯಿರಿ. ಅಳತೆ ಒಂದೇ ಬರದಿದ್ದರೆ ಚಾಸಿಸ್ ಓರೆಯಾಗಿದೆ. ರಿವೆಟ್ಟುಗಳ ಮೇಲೆ ಬೆರಳಿಟ್ಟು ಪಕ್ಕದಲ್ಲಿ ಸುತ್ತಿಗೆಯಿಂದ ತಟ್ಟಿ, ಸಡಿಲ ಇದ್ದರೆ ಬೆರಳಿಗೆ ತಿಳಿಯುತ್ತದೆ. ಬಿರುಕು ಹುಡುಕಲು ಹಳೇ ಮೆಕ್ಯಾನಿಕ್ಕುಗಳ ವಿಧಾನ ಈಗಲೂ ಒಳ್ಳೆಯದೇ. ಜಾಗವನ್ನು ಚೆನ್ನಾಗಿ ಉಜ್ಜಿ, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಒಣಬಟ್ಟೆಯಿಂದ ಒರೆಸಿ, ಸುಣ್ಣದ ಚಾಕ್ ಪುಡಿ ಬಳಿಯಿರಿ. ಬಿರುಕಿನೊಳಗೆ ಇಳಿದ ಎಣ್ಣೆ ನಿಧಾನವಾಗಿ ಹೊರಬಂದು ಬಿಳಿಯ ಮೇಲೆ ಕೂದಲಿನಂತಹ ಕಪ್ಪು ಗೆರೆ ಎಳೆಯುತ್ತದೆ. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಮುಂದಿನ ಅಡ್ಡಪಟ್ಟಿ, ಸ್ಪ್ರಿಂಗ್ ಕೂರುವ ಕಡೆ, ಇವುಗಳನ್ನು ಬಿಡದೆ ನೋಡಿ.

ಇದನ್ನೆಲ್ಲ ಪೌಡರ್ ಕೋಟಿಂಗಿಗೆ ಮುಂಚೆ ಮಾಡಬೇಕು. ನನ್ನ ಹತ್ತಿರ ಒಂದು ಜೀಪು ಬಂದಿತ್ತು. ಚಾಸಿಸ್‌ಗೆ ಮಿರಮಿರ ಹೊಳೆಯುವ ಕಪ್ಪು ಕೋಟಿಂಗ್. ಮಾಲೀಕರಿಗೆ ಅದರ ಬಗ್ಗೆ ಹೆಮ್ಮೆ. ಸ್ಟೀರಿಂಗ್ ಎಳೆಯುತ್ತದೆ ಅಂತ ತಂದಿದ್ದರು. ಕೋಟಿಂಗ್ ಕೆರೆದಾಗ ಅಡಿಯಲ್ಲಿ ಪುಟ್ಟಿ, ಪುಟ್ಟಿಯ ಅಡಿಯಲ್ಲಿ ಒಂದು ಗೇಣುದ್ದದ ಬಿರುಕು.

ಆಕ್ಸಲ್ ಇಳಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದಿನ ಆಕ್ಸಲ್ ಬಡಿದು ಮಾಡಿದ ಗಟ್ಟಿ ಉಕ್ಕು. ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಕಾಯಿಸಿ ಬಗ್ಗಿಸಿದರೆ ಅದರ ಗುಣ ಹಾಳಾಗುತ್ತದೆ. ಸ್ಪ್ರಿಂಗ್ ಕಾಯಿಸಿ ತಗ್ಗಿಸುವುದೂ ಅಷ್ಟೇ ಅಪಾಯ. ಸ್ಟೀರಿಂಗ್ ಆರ್ಮ್, ಟೈ ರಾಡ್ ಇವುಗಳಿಗೆ ವೆಲ್ಡಿಂಗ್ ತಾಗಿಸುವುದೇ ಬೇಡ. ಎತ್ತರ ಸ್ವಲ್ಪ ಕಮ್ಮಿ ಆಗಲೇಬೇಕೆಂದರೆ, ಅತಿ ಉದ್ದದ ಮುಖ್ಯ ಪ್ಲೇಟಿನ ಕಣ್ಣನ್ನು (ತುದಿಯ ಸುರುಳಿ) ತಿರುಗುಮುರುಗು ಮಾಡಿದ ಹೊಸ ಸ್ಪ್ರಿಂಗನ್ನು ಸ್ಪ್ರಿಂಗ್ ಮಾಡುವವರಿಂದಲೇ ಮಾಡಿಸಿ. ನಮ್ಮ ಬಡಾವಣೆಗಳ ಹಂಪುಗಳನ್ನು ನೆನೆಸಿಕೊಂಡರೆ ಅಷ್ಟೇ ಸಾಕು. ಟಾಪ್ ತಗ್ಗಿಸುವ ಪ್ರಶ್ನೆ ನಿಮಗಿಲ್ಲ, ನಿಮ್ಮದು ಕ್ಯಾನ್ವಾಸ್ ಗಾಡಿ. ಒಣಕೆರೆಗಳಲ್ಲಿ ಓಡುತ್ತಿದ್ದವುಗಳಲ್ಲಿ ತೆರೆದ ಗಾಡಿಗಳೇ ಜಾಸ್ತಿ. ಟಾಪ್ ಮಡಚಿಟ್ಟರೆ ಆ ರೂಪ ತಾನಾಗೇ ಬರುತ್ತದೆ.

ಮನೆಯಲ್ಲಿ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ, ಆದರೆ ಎಲ್ಲವನ್ನೂ ಅಲ್ಲ. ಬಿಚ್ಚುವುದು, ತೊಳೆಯುವುದು, ಅಳೆಯುವುದು, ಚೀಟಿ ಅಂಟಿಸಿ ಡಬ್ಬಿಗೆ ಹಾಕುವುದು, ಬ್ರೇಕ್ ರಾಡುಗಳ ಕೆಲಸ, ವೈರಿಂಗ್, ಕೊನೆಯ ಜೋಡಣೆ, ಇವೆಲ್ಲ ಪೋರ್ಟಿಕೋದಲ್ಲಿ ಆಗುತ್ತವೆ. ವೈರಿಂಗ್ ಮಾಡುವಾಗ ಒಂದು ನೆನಪಿರಲಿ, ಈ ಕಾರು 6 ವೋಲ್ಟಿನದು, ಬ್ಯಾಟರಿಯ ಪಾಸಿಟಿವ್ ಕಡೆ ಬಾಡಿಗೆ ಸೇರಿರುತ್ತದೆ. ಬಿಚ್ಚಿದ ಕಾರು ನಿಂತ ಕಾರಿನ ಎರಡು ಮೂರು ಪಟ್ಟು ಜಾಗ ಕೇಳುತ್ತದೆ. ಮಹಡಿಯಲ್ಲಿ ಒಂದು ರೂಮನ್ನಾದರೂ ಮನೆಯವರ ಒಪ್ಪಿಗೆ ಪಡೆದು ಖಾಲಿ ಮಾಡಿಕೊಳ್ಳಿ. ಎಂಜಿನ್ ಕೆಲಸ, ಚಾಸಿಸ್ ವೆಲ್ಡಿಂಗ್, ಪೇಂಟಿಂಗ್ ಹೊರಗೆ ಕೊಡಿ. 2ಕೆ ಪೇಂಟಿನ (ಗಟ್ಟಿಯಾಗಿಸುವ ದ್ರವ ಬೆರೆಸಿ ಹೊಡೆಯುವ ಪೇಂಟ್) ಆವಿ ಶ್ವಾಸಕೋಶಕ್ಕೆ ಬಹಳ ಕೆಟ್ಟದು. ಅಕ್ಕಪಕ್ಕದಲ್ಲಿ ಮಕ್ಕಳಿರುವ ಬೀದಿಯಲ್ಲಿ ಅದು ಬೇಡವೇ ಬೇಡ. ತೆಳು ತಗಡಿನ ವೆಲ್ಡಿಂಗ್ ಕಲಿಯುವ ಆಸೆ ಇದ್ದರೆ ಗುಜರಿ ತಗಡಿನ ಮೇಲೆ ಕಲಿಯಿರಿ. ಮೆಷಿನ್ ಕೊಳ್ಳುವ ಮುಂಚೆ ಮನೆಯ ಬೆಸ್ಕಾಂ ಲೋಡ್ ಎಷ್ಟು ಅಂತ ನೋಡಿ.

ಸಿಮೆಂಟ್ ಹಾಲೋ ಬ್ಲಾಕ್ ಮೇಲೆ ಕಾರು ಕೂರಿಸಿ ಕೆಳಗೆ ಮಲಗುವುದನ್ನು ನಮ್ಮ ಊರಲ್ಲಿ ಬೇಕಾದಷ್ಟು ನೋಡಿದ್ದೇನೆ. ಆ ಬ್ಲಾಕ್ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಜ್ಯಾಕ್ ಸ್ಟ್ಯಾಂಡ್ ನಾಲ್ಕು ಕೊಳ್ಳಿ, ಮೊದಲ ಖರ್ಚು ಅದೇ ಆಗಲಿ. ಹಳೇ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಗಾಳಿ ಹೊಡೆದು ದೂಳೆಬ್ಬಿಸಬೇಡಿ, ಒದ್ದೆ ಮಾಡಿ ತೆಗೆಯಿರಿ, ಮಾಸ್ಕ್ ಇರಲಿ. ಪೆಟ್ರೋಲ್ ಟ್ಯಾಂಕ್ ಎಷ್ಟೇ ವರ್ಷದಿಂದ ಖಾಲಿ ಇದ್ದರೂ ಮನೆಯಲ್ಲಿ ಅದಕ್ಕೆ ಬೆಂಕಿ ತಾಗಿಸಬೇಡಿ. ಒಳಗೆ ಉಳಿದ ಆವಿ ಸಾಕು ಸಿಡಿಯಲು. ಮರಳು ಹೊಡೆಸುವುದು ಚಾಸಿಸ್‌ಗೆ ಮಾತ್ರ, ಪೀಣ್ಯದ ಕಡೆ ಮಾಡುವವರಿದ್ದಾರೆ. ಬಾಡಿಯ ತಗಡಿಗೆ ಹೊಡೆಸಿದರೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ.

ಮೂರು ಲಕ್ಷದ ಮಾತನ್ನು ಮರೆತುಬಿಡಿ. ಬಿಚ್ಚದ ಕಾರಿಗೆ ಒಟ್ಟು ಬೆಲೆ ಹೇಳುವವರು ಒಳಗಿನದನ್ನು ನೋಡಿಲ್ಲ. ಮಾಡೆಲ್ ಎಗೆ ಅಮೆರಿಕದಲ್ಲಿ ಇವತ್ತಿಗೂ ಹೊಸ ಬಿಡಿಭಾಗ ತಯಾರಾಗುತ್ತವೆ. ತರಿಸಬಹುದು, ಸಾಗಣೆ ಮತ್ತು ಸುಂಕ ಸೇರಿ ಜೇಬಿಗೆ ಭಾರ. ಬೋಲ್ಟು, ಬೇರಿಂಗ್, ಹೋಸುಗಳಿಗೆ ಜೆ.ಸಿ. ರಸ್ತೆ, ಕಬ್ಬಿಣದ ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿ. ಕೆಲಸ ಕೊಡುವಾಗ ಹಂತ ಹಂತವಾಗಿ ಕೊಡಿ, ಒಂದು ಹಂತ ಮುಗಿದ ಮೇಲೆ ದುಡ್ಡು.

ನಿಮ್ಮ ಮುಂದಿರುವ ದಾರಿಗಳು ಇವು. ಮೊದಲನೆಯದು, ಮೂಲ ರೂಪಕ್ಕೆ ತಂದು ವಿಂಟೇಜ್ ನೋಂದಣಿ ಮಾಡಿಸುವುದು. ಕಾನೂನಿನ ತಕರಾರು ಇಲ್ಲ, ಗಾಡಿಯ ಬೆಲೆಯೂ ಉಳಿಯುತ್ತದೆ. ಹಿಂದಿನ ಕೊಳೆತ ಭಾಗವನ್ನು ಹೊಸ ತಗಡಿನಲ್ಲಿ ಮೂಲ ಆಕಾರಕ್ಕೇ ಮಾಡಿಸುವುದು ದುಬಾರಿ, ನಿಧಾನ. ಎರಡನೆಯದು, ವಾಪಸ್ ತರಬಹುದಾದ ಹಾಟ್ ರಾಡ್. ಮಡ್‌ಗಾರ್ಡ್ ಬಿಚ್ಚಿಡಿ, ಹೆಡ್ ಮತ್ತು ಕಾರ್ಬುರೇಟರ್ ಬದಲಿಸಿ, ಬಿಚ್ಚಿದ ಪ್ರತಿಯೊಂದನ್ನೂ ಎಣ್ಣೆ ಸವರಿ ಎತ್ತಿಡಿ. ಬಾಡಿಗೆ, ಚಾಸಿಸ್‌ಗೆ ಕಟರ್ ಇಲ್ಲ. ಆದರೆ ಆ ರೂಪದಲ್ಲಿ ಇರುವವರೆಗೆ ಸಾರ್ವಜನಿಕ ರಸ್ತೆ ಇಲ್ಲ. ಸ್ವಂತ ತೋಟ, ಅಥವಾ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಥರದ ಟ್ರ್ಯಾಕಿಗೆ ಅವರ ಅನುಮತಿ ಪಡೆದು ಲಾರಿಯಲ್ಲಿ ಹೊತ್ತೊಯ್ದು ಓಡಿಸಬೇಕು. ಅಲ್ಲೂ ಗಾಡಿ ತಪಾಸಣೆ ಪಾಸಾಗಬೇಕು. ಮೂರನೆಯದು, ತಾತನ ಕಾರನ್ನು ಮುಟ್ಟದೆ, ಬೇರೆ ಅನಾಥ ಚಾಸಿಸ್ ಮೇಲೆ ಹೊಸ ಬಾಡಿ ಕಟ್ಟಿಸಿ ಹಾಟ್ ರಾಡ್ ಮಾಡುವುದು. ಇದಕ್ಕೂ ರಸ್ತೆಯ ನೋಂದಣಿ ಸಿಗುವುದಿಲ್ಲ. ಕೈ ಪಳಗಿಸಿಕೊಳ್ಳಲು ಒಳ್ಳೆಯ ದಾರಿ, ಖರ್ಚು ಎರಡು ಪಟ್ಟು. ನೀವು ಪತ್ರದಲ್ಲಿ ಬರೆದಿರುವುದು ನಾಲ್ಕನೆಯದು. ಕತ್ತರಿಸಿ, ಎಂಜಿನ್ ಬದಲಿಸಿ, ಹಳೇ ಆರ್‌ಸಿಯಲ್ಲೇ ರಸ್ತೆಗೆ ಇಳಿಸುವುದು. ಇದನ್ನು ನಾನು ಮಾಡುವುದಿಲ್ಲ, ಮಾಡಿಕೊಡುವುದೂ ಇಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲನೆಯದನ್ನೇ ಆರಿಸಿಕೊಳ್ಳುತ್ತಿದ್ದೆ. ನಿಮ್ಮ ಮನಸ್ಸು ಎರಡನೆಯದರ ಕಡೆ ವಾಲಿದರೂ ಅದು ಗೌರವದ ದಾರಿಯೇ. ಒಳ್ಳೆಯ ಸಂಗತಿ ಏನೆಂದರೆ, ಈಗಲೇ ಆರಿಸಬೇಕಾಗಿಲ್ಲ. ಚಾಸಿಸ್ ತಪಾಸಣೆ, ಸ್ಟೀರಿಂಗ್, ಕಿಂಗ್ ಪಿನ್ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಗೂಟ), ಬ್ರೇಕ್, ಎಂಜಿನ್ ಬೇರಿಂಗ್, ಇವಿಷ್ಟು ಎರಡೂ ದಾರಿಗೆ ಒಂದೇ. ಬಿಡುವಿನ ವೇಳೆಯಲ್ಲಿ ಮಾಡಿದರೆ ಒಂದು ವರ್ಷಕ್ಕೆ ಕಡಿಮೆ ಇಲ್ಲ. ಮೂಲ ರೂಪದಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ ತೀರ್ಮಾನಿಸಿ. ದೊಡ್ಡಪ್ಪನನ್ನೂ ಕೂರಿಸಿಕೊಂಡು ಕಾಗದಪತ್ರದ ವಿಷಯ ಮಾತಾಡಿ. ತಾತನ ಹೆಸರಿನಿಂದ ನಿಮ್ಮ ಹೆಸರಿಗೆ ಬದಲಿಸಲು ಫಾರಂ 31 ಬೇಕು, ಅದಕ್ಕೆ ಉಳಿದ ವಾರಸುದಾರರ ಒಪ್ಪಿಗೆಯೂ ಕೇಳುತ್ತಾರೆ. ಅವರ ಸಹಿ ಬೇಕಾಗಬಹುದು.

ಒಂದು ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಸಿಯಲ್ಲಿರುವ ನಂಬರನ್ನು ಕಾರಿನ ಜೊತೆ ತಾಳೆ ನೋಡಿ. ಮಾಡೆಲ್ ಎಯಲ್ಲಿ ಎಂಜಿನ್ ನಂಬರೇ ಕಾರಿನ ನಂಬರು. ಬ್ಲಾಕಿನ ಎಡಗಡೆ, ನೀರಿನ ಪೈಪು ಸೇರುವ ಜಾಗದ ಮೇಲೆ, ಚಿಕ್ಕ ಸಮತಟ್ಟಾದ ಉಬ್ಬಿನಲ್ಲಿ ಕೆತ್ತಿರುತ್ತದೆ. ಅದೇ ನಂಬರು ಚಾಸಿಸ್ ಪಟ್ಟಿಯ ಮೇಲೂ ಇರುತ್ತದೆ, ಬಾಡಿಯ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ, ಬಾಡಿ ಎತ್ತಿದಾಗಲೇ ಕಾಣುವುದು. ತೋಟದಲ್ಲಿ ಎಂದೋ ಎಂಜಿನ್ ಬದಲಿಸಿದ್ದರೆ ಎರಡೂ ಹೊಂದುವುದಿಲ್ಲ. ಹಾಗಾಗಿದ್ದರೆ ಉಜ್ಜುವುದು, ಹೊಸದಾಗಿ ಕೆತ್ತುವುದು ಏನೂ ಬೇಡ, ಅದು ಬೇರೆಯೇ ಅಪರಾಧ. ಫೋಟೋ ತೆಗೆದು, ಇದ್ದದ್ದನ್ನು ಇದ್ದ ಹಾಗೆ ಆರ್‌ಟಿಓಗೆ ಬರೆದು ತಿಳಿಸಿ, ಅವರ ಉತ್ತರ ಲಿಖಿತದಲ್ಲಿ ಬಂದ ಮೇಲೆ ಎಂಜಿನ್ನಿಗೆ ಕೈ ಹಾಕಿ.